30 ಎಂದರೆ ಮೂವತ್ತು ದಿನ ಎಂದುಕೊಂಡಿದ್ದೆ

ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬಳಸುವವರು, ಅದರಲ್ಲೂ ಬೇರೆಯವರ ಅಂಗಡಿಯ ಲೆಕ್ಕಕ್ಕೆ ಅದನ್ನು ಕೂರಿಸಿಕೊಟ್ಟಿರುವವರು, ಇವತ್ತೇ ಒಮ್ಮೆ ಸ್ನ್ಯಾಪ್‌ಶಾಟ್‌ಗಳ, ಅಂದರೆ ಉಳಿದಿರುವ ಬ್ಯಾಕಪ್ ನಕಲುಗಳ, ಪಟ್ಟಿ ತೆಗೆಯಿರಿ. ಎಷ್ಟಿವೆ ಎಂಬ ಎಣಿಕೆ ಬೇಡ. ಈಗ ಬಳಸುತ್ತಿರುವ ಫೋಲ್ಡರ್‌ನ ಬ್ಯಾಕಪ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದರ ತಾರೀಖು ನೋಡಿ. ನಾನು ನೋಡದೆ ಕೆಟ್ಟೆ.

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಒಂದೆರಡು ಟೊಮೆಟೊ ಮಂಡಿಗಳ ಕಂಪ್ಯೂಟರ್ ಕೆಲಸ ನನ್ನದು. ಅದರಲ್ಲಿ ಒಂದು ಮಂಡಿಯ ಇಡೀ ಲೆಕ್ಕ ಒಂದೇ ಕಡತದಲ್ಲಿದೆ: ರೈತರ ಹೆಸರು, ಊರು, ಎಷ್ಟು ಬಾಕ್ಸು, ಹರಾಜಿನ ದರ, ಲಾರಿ ಬಾಡಿಗೆ, ಮುಂಗಡ, ಬಾಕಿ. ಜನವರಿಯಲ್ಲಿ ಮೂಲೆಯ ಹಳೆಯ ಕಂಪ್ಯೂಟರ್‌ಗೆ ಒಂದು ಟಿಬಿಯ ಹೊರ ಡಿಸ್ಕ್ ಸಿಕ್ಕಿಸಿ, ರಾತ್ರಿಗೊಂದು ಬ್ಯಾಕಪ್ ಆಗುವಂತೆ ಹೊಂದಿಸಿದೆ. ಹಳೆಯದನ್ನು ಕಳೆಯುವ ಸಾಲಿನಲ್ಲಿ ‘ಕೀಪ್-ಲಾಸ್ಟ್ 30’, ಅಂದರೆ ಕೊನೆಯ ಮೂವತ್ತನ್ನು ಉಳಿಸು, ಎಂದು ಬರೆದೆ. ದಿನಕ್ಕೊಂದು, ಮೂವತ್ತು ದಿನ. ಸರಿಯಾಗಿಯೇ ಇತ್ತು.

ಜೂನ್‌ನಲ್ಲಿ ಮಾಲು ಏರತೊಡಗಿತು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಗಾಡಿಗಳು ಬೆಳಕು ಹರಿಯುವ ಮೊದಲೇ ಬಂದು ನಿಲ್ಲುತ್ತವೆ, 15 ಕೆ.ಜಿ. ಬಾಕ್ಸುಗಳ ಗೋಡೆಯ ನಡುವೆ ನಡೆಯಲೂ ದಾರಿ ಇರುವುದಿಲ್ಲ. ‘ಬೆಳಗ್ಗೆ ಬರೆದದ್ದು ಮಧ್ಯಾಹ್ನ ಹೋದರೆ ಏನು ಗತಿ?’ ಎಂದು ಮಾಲೀಕರು ಕೇಳಿದರು. ಅದಕ್ಕೇನಂತೆ ಎಂದು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಒಂದು ಅಂಕಿ ತಿದ್ದಿ, ಗಂಟೆಗೊಂದು ಬ್ಯಾಕಪ್ ಮಾಡಿದೆ. ರೆಸ್ಟಿಕ್ ಬದಲಾದ ತುಣುಕನ್ನಷ್ಟೇ ಹೊಸದಾಗಿ ಬರೆದುಕೊಳ್ಳುವುದರಿಂದ ಜಾಗದ ಚಿಂತೆ ಇರಲಿಲ್ಲ. ಅದೇ ದಿನ ಲೆಕ್ಕದ ಕಡತವನ್ನು ಹೊಸ ಫೋಲ್ಡರ್‌ಗೂ ಸಾಗಿಸಿದೆ. 30 ಮಾತ್ರ ಹಾಗೇ ಉಳಿಯಿತು. ಯುಪಿಎಸ್ ಮೇಲೆ ಹಗಲೂ ರಾತ್ರಿ ಓಡುವ ಕಂಪ್ಯೂಟರ್‌ನಲ್ಲಿ ಅದು ಮೂವತ್ತು ಗಂಟೆ.

ಬ್ಯಾಕಪ್‌ನ ದಾಖಲೆಯ (ಲಾಗ್) ಕಡತವನ್ನು ಆಗಾಗ ತೆರೆದು ನೋಡುತ್ತಿದ್ದೆ ಎಂಬುದೇ ನಾಚಿಕೆಯ ವಿಷಯ. ಪ್ರತಿ ಗಂಟೆಯೂ ಅದೇ ಎರಡು ಮಾತು: 30 ಉಳಿಸಿದೆ, 1 ತೆಗೆದಿದೆ. ದೋಷ ಒಂದೂ ಇಲ್ಲ. ನೋಡಿ ಖುಷಿಪಟ್ಟು ಮುಚ್ಚುತ್ತಿದ್ದೆ. ಗಂಟೆಗೊಂದು ತೆಗೆಯುತ್ತಿದೆ ಎಂದರೆ ಏನು ಉಳಿಯುತ್ತದೆ ಎಂದು ಬೆರಳು ಮಡಿಸಿ ಎಣಿಸಿದ್ದರೂ ಸಾಕಿತ್ತು.

ಆಗಸ್ಟ್‌ನ ಒಂದು ಶನಿವಾರ, ಸಂಜೆ ಏಳರ ಹೊತ್ತು. ಲೆಕ್ಕ ಬರೆಯುವ ಹುಡುಗ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೋದ. ಒಂದೇ ಕಾಲಂ ಆರಿಸಿದ್ದರಿಂದ, ಪಕ್ಕದ ಕಾಲಂಗಳನ್ನೂ ಸೇರಿಸಬೇಕೇ ಎಂದು ತಂತ್ರಾಂಶ ಕೇಳಿತು. ಅವನು ಬೇಡ ಎಂದ. ಹೆಸರುಗಳು ಜಾಗ ಬದಲಿಸಿದವು, ಮೊತ್ತಗಳು ನಿಂತಲ್ಲೇ ನಿಂತವು. ಒಟ್ಟು ಮೊತ್ತ ಪೈಸೆಯಷ್ಟೂ ಬದಲಾಗದ ಕಾರಣ ಯಾರ ಕಣ್ಣಿಗೂ ಬೀಳಲಿಲ್ಲ. ಉಳಿಸಿ, ಮುಚ್ಚಿ, ಮನೆಗೆ ಹೋದ.

ಸೋಮವಾರ ಹತ್ತು ಗಂಟೆಗೆ ಮುಳಬಾಗಿಲು ಕಡೆಯ ರೈತರೊಬ್ಬರು ಬಂದರು. ‘ಸ್ವಾಮಿ, ನನಗೆ ಐವತ್ತೆಂಟು ಸಾವಿರ ಬರಬೇಕು. ಇಲ್ಲಿ ನಾನೇ ನಿಮಗೆ ಕೊಡಬೇಕು ಅಂತ ಇದೆಯಲ್ಲ?’

ಮಾಲೀಕರು ಫೋನ್ ಮಾಡಿದಾಗ ನಾನು ನಗುತ್ತಲೇ ಹೋದೆ. ಹತ್ತು ನಿಮಿಷದ ಕೆಲಸ ಎಂದೆ. ಪಟ್ಟಿ ತೆಗೆದರೆ ಪರದೆಯ ಮೇಲೆ ಮೂವತ್ತು ಸಾಲು. ಮೊದಲನೆಯದು ಭಾನುವಾರ ಬೆಳಗಿನ ಜಾವ ಐದು ಗಂಟೆಯದು. ಮೂವತ್ತರಲ್ಲೂ ಅದೇ ಕಲಸುಮೇಲೋಗರ.

ಇನ್ನೂ ಒಂದು ದಾರಿ ಇರಬಹುದಿತ್ತು. ‘ಫರ್ಗೆಟ್’ ಎಂಬ ಆದೇಶ ಸ್ನ್ಯಾಪ್‌ಶಾಟ್ ಅನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ ಅಷ್ಟೇ. ದತ್ತಾಂಶವನ್ನೇ ಅಳಿಸುವ ‘ಪ್ರೂನ್’ ಓಡುವವರೆಗೆ ಒಳಗಿನ ದತ್ತಾಂಶ ಡಿಸ್ಕ್‌ನಲ್ಲೇ ಇರುತ್ತದೆ, ‘ರಿಕವರ್’ ಕೊಟ್ಟು ಎತ್ತಿಕೊಳ್ಳಬಹುದು. ನಾನು ಫರ್ಗೆಟ್ ಸಾಲಿಗೇ ಪ್ರೂನ್ ಸೇರಿಸಿದ್ದೆ, ಡಿಸ್ಕ್ ತುಂಬಿಬಿಟ್ಟರೆ ಎಂಬ ಭಯಕ್ಕೆ. ಒಂದು ಟಿಬಿಯ ಡಿಸ್ಕ್‌ನಲ್ಲಿ ಆ ಮಂಡಿಯ ಬ್ಯಾಕಪ್ ಐದು ಜಿಬಿಯೂ ಇರಲಿಲ್ಲ.

ಮಾನ ಅಷ್ಟಿಷ್ಟು ಉಳಿದದ್ದು ನನಗೆ ಗೊತ್ತೇ ಇರದ ಒಂದು ನಿಯಮದಿಂದ. ರೆಸ್ಟಿಕ್ ಉಳಿಕೆಯ ನಿಯಮವನ್ನು ಕಂಪ್ಯೂಟರ್ ಹೆಸರು ಮತ್ತು ಫೋಲ್ಡರ್ ಹಾದಿ ನೋಡಿ ಗುಂಪು ಗುಂಪಾಗಿ ಅನ್ವಯಿಸುತ್ತದೆ. ಜೂನ್‌ನಲ್ಲಿ ಫೋಲ್ಡರ್ ಬದಲಿಸಿದ್ದೆನಲ್ಲ, ಹಳೆಯ ಹಾದಿಯ ಕೊನೆಯ ಮೂವತ್ತು ಬೇರೆ ಗುಂಪಾಗಿ ಮುಟ್ಟದೆ ಕೂತಿದ್ದವು. ಪಟ್ಟಿಯ ತಲೆಭಾಗಕ್ಕೆ ಸರಿದಾಗ ಕಂಡವು. ಜೂನ್ ಆರಂಭದವರೆಗಿನ ಬಾಕಿ ಸಿಕ್ಕಿತು. ಅಲ್ಲಿಂದ ಮುಂದಿನ ಎರಡು ತಿಂಗಳ ಲೆಕ್ಕವನ್ನು ಗೋಣಿಚೀಲದಲ್ಲಿದ್ದ ಕಾರ್ಬನ್ ಚೀಟಿಗಳಿಂದ ಮತ್ತೆ ಬರೆದೆವು. ನಾನು, ಆ ಹುಡುಗ, ಮಾಲೀಕರ ಮಗಳು, ನಾಲ್ಕು ರಾತ್ರಿ. ಕೆಲವು ಚೀಟಿಗಳ ಮೇಲೆ ಟೊಮೆಟೊ ರಸ ಬಿದ್ದು 3 ಯಾವುದು, 8 ಯಾವುದು ತಿಳಿಯುತ್ತಿರಲಿಲ್ಲ.

ಈಗ ಹೀಗಿದೆ: ಕೀಪ್-ಅವರ್ಲಿ 24, ಡೈಲಿ 30, ವೀಕ್ಲಿ 8, ಮಂತ್ಲಿ 12. ಗಂಟೆಗೊಂದು ಬ್ಯಾಕಪ್ ಆದರೂ ಪ್ರತಿ ದಿನದ ಕೊನೆಯದು, ಪ್ರತಿ ವಾರದ ಕೊನೆಯದು ಬೇರೆಯಾಗಿ ನಿಲ್ಲುತ್ತವೆ. ಕಂಪ್ಯೂಟರ್ ಆಫ್ ಆಗಿದ್ದ ದಿನಗಳು ಆ 30ರ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಕಪ್ ಆದ ದಿನಗಳನ್ನಷ್ಟೇ ಎಣಿಸುತ್ತದೆ. ಕ್ಯಾಲೆಂಡರ್ ಪ್ರಕಾರವೇ ಬೇಕೆಂದರೆ ‘ಕೀಪ್-ವಿದಿನ್’ ಇದೆ. ನಿಯಮ ಮುಟ್ಟಿದಾಗಲೆಲ್ಲ ಮೊದಲು, ಏನನ್ನೂ ಅಳಿಸದೆ ತೋರಿಸುವ ‘ಡ್ರೈ-ರನ್’ ಕೊಟ್ಟು, ಏನು ಹೋಗುತ್ತದೆ ಎಂಬ ಪಟ್ಟಿಯನ್ನು ತಾರೀಖು ಸಮೇತ ಓದುತ್ತೇನೆ. ಪ್ರೂನ್ ಬೇರೆ ಸಾಲು, ತಿಂಗಳಿಗೊಮ್ಮೆ, ನಾನೇ ಕುಳಿತು ಓಡಿಸುತ್ತೇನೆ. ಬ್ಯಾಕಪ್ ಪರೀಕ್ಷೆ ಎಂದರೆ ಇತ್ತೀಚಿನದನ್ನು ತೆರೆದು ನೋಡುವುದು ಎಂದುಕೊಂಡಿದ್ದೆ. ಈಗ ಮೂರು ವಾರ ಹಳೆಯದನ್ನು ಹೊರತೆಗೆದು ಒಬ್ಬ ರೈತರ ಬಾಕಿಯನ್ನು ಚೀಟಿಯ ಜೊತೆ ತಾಳೆ ನೋಡುತ್ತೇನೆ.

ಗೋಣಿಚೀಲವನ್ನು ಗುಜರಿಗೆ ಹಾಕಬೇಡಿ ಎಂದು ಮಾಲೀಕರಿಗೆ ಹೇಳಲು ಹೋದೆ. ಅವರು ಅದನ್ನು ಆಗಲೇ ಮನೆಗೆ ಸಾಗಿಸಿದ್ದರು. ಎರಡು ಖಾತೆಗಳ ತಕರಾರು ಇನ್ನೂ ಬಗೆಹರಿದಿಲ್ಲ. ಒಂದು 1,400 ರೂಪಾಯಿ ವ್ಯತ್ಯಾಸವನ್ನು ನನ್ನ ಕೂಲಿಯಲ್ಲಿ ಹಿಡಿದುಕೊಂಡಿದ್ದಾರೆ.