ಜಾಬಿಕ್ಸ್, ಲಿಬ್ರೆಎನ್‌ಎಂಎಸ್, ಐಸಿಂಗಾ: ಸ್ಕ್ರಿಪ್ಟ್ ಬರೆಯುವವರಿಗೆ ಯಾವುದರ ಎಪಿಐ ವಾಸಿ?

ಮಾನಿಟರಿಂಗ್ ಸಾಫ್ಟ್‌ವೇರ್ ಹೋಲಿಸುವವರು ಜಾಸ್ತಿ ನೋಡುವುದು ಡ್ಯಾಶ್‌ಬೋರ್ಡನ್ನು. ನಾನು ಅದನ್ನು ತೆರೆಯುವುದೇ ಅಪರೂಪ. ನನಗೆ ಬೇಕಾದ್ದು ಎಪಿಐ, ಅಂದರೆ ಸ್ಕ್ರಿಪ್ಟ್ ನೇರವಾಗಿ ಸಾಫ್ಟ್‌ವೇರ್ ಜೊತೆ ಮಾತಾಡುವ ದಾರಿ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ನಡುವೆ ಹರಡಿರುವ ಒಂದು ಸಣ್ಣ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ: ಹೋಮ್‌ಸ್ಟೇಗಳು, ತೋಟದ ಆಫೀಸುಗಳು, ಗುಡ್ಡದಿಂದ ಗುಡ್ಡಕ್ಕೆ ರೇಡಿಯೋ ಲಿಂಕ್. ಇಲ್ಲಿ ಸ್ಕ್ರಿಪ್ಟ್ ಮಾಡಬೇಕಾದ್ದು ಮೂರೇ ಕೆಲಸ. ಎಕ್ಸೆಲ್ ಪಟ್ಟಿಯಿಂದ ರೂಟರ್, ಸ್ವಿಚ್ ಸೇರಿಸಬೇಕು. ಕರೆಂಟ್ ತೆಗೆಯುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಅಲಾರಂ ನಿಲ್ಲಿಸಬೇಕು. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಸಿಲ್ವರ್ ಓಕ್ ಮರ ಫೈಬರ್ ಮೇಲೆ ಬಿದ್ದು ಅರ್ಧ ನೆಟ್‌ವರ್ಕ್ ಒಟ್ಟಿಗೆ ಹೋದಾಗ, ನಿಜವಾಗಿ ತುಂಡಾಗಿದ್ದು ಎಲ್ಲಿ ಅಂತ ಒಂದೇ ಸಾಲಿನಲ್ಲಿ ಹೇಳಬೇಕು. ಜಾಬಿಕ್ಸ್, ಲಿಬ್ರೆಎನ್‌ಎಂಎಸ್, ಐಸಿಂಗಾ ಮೂರೂ ಉಚಿತ ಸಾಫ್ಟ್‌ವೇರ್, ಮೂರನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ.

ಬೇಗ ಕೈಗೆ ಹತ್ತುವುದು ಲಿಬ್ರೆಎನ್‌ಎಂಎಸ್. 2013ರಲ್ಲಿ ಅಬ್ಸರ್ವಿಯಂನಿಂದ ಕವಲೊಡೆದ ಸಾಫ್ಟ್‌ವೇರ್ ಇದು. ವೆಬ್ ಪುಟದಲ್ಲಿ ಒಂದು ಟೋಕನ್ (ಪಾಸ್‌ವರ್ಡ್ ಬದಲು ಕೊಡುವ ಗುರುತು) ಮಾಡಿಕೊಂಡು, ಅದನ್ನು ಎಕ್ಸ್-ಆಥ್-ಟೋಕನ್ ಅನ್ನುವ ಹೆಡರ್‌ನಲ್ಲಿ ಕಳಿಸಿದರೆ ಸಾಕು, ಡಿವೈಸ್ ಪಟ್ಟಿ ಜೇಸನ್ ಅನ್ನುವ, ಸ್ಕ್ರಿಪ್ಟ್ ಸುಲಭವಾಗಿ ಓದುವ ರೂಪದಲ್ಲಿ ಬರುತ್ತದೆ. ವಿಳಾಸ ಓದಿದರೇ ಯಾವುದು ಏನು ಅಂತ ತಿಳಿಯುತ್ತದೆ, ಕೈಪಿಡಿ ಹೆಚ್ಚು ತಿರುವಬೇಕಿಲ್ಲ. ನನಗೆ ತುಂಬಾ ಹಿಡಿಸಿದ್ದು ಗ್ರಾಫ್. ಒಂದು ಪೋರ್ಟಿನ ಟ್ರಾಫಿಕ್ ಗ್ರಾಫನ್ನು ಎಪಿಐ ನೇರ ಚಿತ್ರವಾಗಿಯೇ ಕೊಡುತ್ತದೆ, ಅದನ್ನು ಹಾಗೇ ಎತ್ತಿ ತೋಟದ ಮಾಲೀಕರಿಗೆ ವಾಟ್ಸಾಪ್ ಮಾಡಬಹುದು. ಪೋರ್ಟಿನ ಹೆಸರಿನಲ್ಲಿ ಓರೆಗೆರೆ ಇದ್ದರೆ ಮಾತ್ರ ಅದನ್ನು ಎನ್‌ಕೋಡ್ ಮಾಡಿ ಕಳಿಸಿ, ಇಲ್ಲದಿದ್ದರೆ ವಿಳಾಸವೇ ತಪ್ಪುತ್ತದೆ.

ಆದರೆ ಸೇರಿಸುವಾಗ ಒಂದು ತರಲೆ ಇದೆ. ಹೊಸ ಡಿವೈಸ್ ಸೇರಿಸಿದ ಕೂಡಲೇ ಅದು ಎಸ್‌ಎನ್‌ಎಂಪಿಗೆ, ಅಂದರೆ ಡಿವೈಸಿನ ಸ್ಥಿತಿ ವಿಚಾರಿಸುವ ಪದ್ಧತಿಗೆ, ಉತ್ತರ ಕೊಡುತ್ತದಾ ಅಂತ ನೋಡುತ್ತದೆ. ಕೊಡದಿದ್ದರೆ ಸೇರಿಸುವುದೇ ಇಲ್ಲ. ಬೆಂಗಳೂರಿನಲ್ಲಿ ಇದು ಒಳ್ಳೆಯ ಗುಣ ಇರಬಹುದು. ನಮ್ಮಲ್ಲಿ ಪಟ್ಟಿ ಓಡಿಸುವ ಹೊತ್ತಿಗೆ ಎಲ್ಲೋ ಒಂದು ಕಡೆ ಕರೆಂಟ್ ಇರುವುದಿಲ್ಲ, ಅಲ್ವಾ? ಫೋರ್ಸ್-ಆ್ಯಡ್ ಕೊಟ್ಟು ತಳ್ಳಬೇಕು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಯಾವ ಡಿವೈಸ್ ಯಾವುದರ ಹಿಂದೆ ಇದೆ ಅಂತ ತಾಯಿ-ಮಗು ಸಂಬಂಧ ಹಾಕಬಹುದು, ಅದರಿಂದ ಅಲಾರಂ ಸುಮ್ಮನಾಗುತ್ತದೆ ಕೂಡ. ಆದರೆ ‘ಡೌನ್ ಆಗಿರುವವು ಯಾವುವು’ ಅಂತ ಎಪಿಐಗೆ ಕೇಳಿದರೆ ಎಲ್ಲವನ್ನೂ ಸುರಿಯುತ್ತದೆ. ಮೂಲ ಯಾವುದು ಅಂತ ಸ್ಕ್ರಿಪ್ಟಿನಲ್ಲಿ ನಾವೇ ಬೇರ್ಪಡಿಸಬೇಕು.

ಐಸಿಂಗಾ 2 ಬೇರೆಯೇ ಜಾತಿ. ಐಸಿಂಗಾ 2009ರಲ್ಲಿ ನಾಗಿಯೋಸ್ ಅನ್ನುವ ಹಳೆಯ ಮಾನಿಟರಿಂಗ್ ಸಾಫ್ಟ್‌ವೇರಿನಿಂದ ಕವಲೊಡೆದಿದ್ದು. ಇದರ ಎಪಿಐ 5665ನೇ ಪೋರ್ಟಿನಲ್ಲಿ, ತನ್ನದೇ ಸರ್ಟಿಫಿಕೇಟ್ ಇಟ್ಟುಕೊಂಡು ಕೂತಿರುತ್ತದೆ. ಸುಮಾರು ಜನ ಎಪಿಐಗೆ ಕರೆ ಕಳಿಸುವ ಕರ್ಲ್ ಕಮಾಂಡಿಗೆ ‘ಸರ್ಟಿಫಿಕೇಟ್ ನೋಡಬೇಡ’ ಅಂತ ಹೇಳಿ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದರ ಸಿಎ ಫೈಲ್, ಅಂದರೆ ಆ ಸರ್ಟಿಫಿಕೇಟಿಗೆ ಸಹಿ ಹಾಕಿದವರ ಸರ್ಟಿಫಿಕೇಟ್, ಕೊಟ್ಟರೆ ಆಯಿತು.

ಅಲಾರಂ ನಿಲ್ಲಿಸುವ ಕೆಲಸದಲ್ಲಿ ಐಸಿಂಗಾಗೆ ಎದುರಿಲ್ಲ. ಮಳೆಗಾಲಕ್ಕೆ ಮುಂಚೆ ತೋಟದ ರೈಟರ್ (ಗುಮಾಸ್ತ) ಫೋನ್ ಮಾಡುತ್ತಾರೆ, "ಸಾರ್, ನಾಳೆ ಮರ ಕಪಾತು, ಬೆಳಿಗ್ಗೆಯಿಂದ ಲೈನ್ ಆಫ್ ಮಾಡಿಸ್ತೀವಿ." ಕಪಾತು ಅಂದರೆ ಕೊಂಬೆ ಸವರುವುದು. ‘ವಿರಾಜಪೇಟೆ’ ಅಂತ ಶುರುವಾಗುವ ಹೋಸ್ಟ್‌ಗಳಿಗೆಲ್ಲ (ಇಲ್ಲಿ ಡಿವೈಸಿಗೆ ಹೋಸ್ಟ್ ಅನ್ನುತ್ತಾರೆ), ಅವುಗಳ ಸರ್ವೀಸ್‌ಗಳೂ ಸೇರಿ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಡೌನ್‌ಟೈಮ್ ಅಂತ ಒಂದೇ ಕರೆಯಲ್ಲಿ ಮುಗಿಯುತ್ತದೆ. ಹೆಸರಿನ ಮೇಲೆ ಫಿಲ್ಟರ್ ಬರೆದರಾಯಿತು, ಐಡಿ ಹುಡುಕುವ ಗೋಜಿಲ್ಲ. ಸ್ವತಃ ಕೆಟ್ಟಿರುವುದು ಯಾವುದು, ಮುಂದಿನದು ಹೋಗಿದ್ದರಿಂದ ಕಾಣದಿರುವುದು ಯಾವುದು ಅಂತಲೂ ಫಿಲ್ಟರಿನಲ್ಲೇ ಕೇಳಬಹುದು. ಸ್ಕ್ರಿಪ್ಟಿಗೆ ಕೊಟ್ಟ ಯೂಸರ್‌ಗೆ ‘ಡೌನ್‌ಟೈಮ್ ಹಾಕು, ಬೇರೇನೂ ಮುಟ್ಟಬೇಡ’ ಅಂತ ಅನುಮತಿ ಕೊಡುವುದೂ ಸುಲಭ.

ಇಷ್ಟಿದ್ದೂ ನಾನು ಐಸಿಂಗಾದಲ್ಲಿ ನಿಲ್ಲಲಿಲ್ಲ. ಕಾರಣ ಬದಲಾವಣೆ. ಕಾನ್ಫಿಗ್ ಫೈಲಿನಲ್ಲಿ ಬರೆದ ಹೋಸ್ಟನ್ನು ಎಪಿಐ ಮೂಲಕ ಅಳಿಸಲು ಆಗುವುದಿಲ್ಲ, ಎಪಿಐ ಮೂಲಕ ಮಾಡಿದ್ದು ಫೈಲಿನಲ್ಲಿ ಕಾಣುವುದಿಲ್ಲ. ಎರಡು ಮನೆ ಸಂಸಾರ. ಹೋಸ್ಟಿನ ವೇರಿಯಬಲ್ ನೋಡಿ ಡಿಪೆಂಡೆನ್ಸಿ ಹಚ್ಚುವ ನಿಯಮ ಬರೆದಿರುತ್ತೇವೆ ಅಂದುಕೊಳ್ಳಿ. ಒಂದು ಲಿಂಕನ್ನು ಈ ಗುಡ್ಡದಿಂದ ಆ ಗುಡ್ಡಕ್ಕೆ ತಿರುಗಿಸಿ, ಆ ವೇರಿಯಬಲ್ ಅನ್ನು ಎಪಿಐಯಲ್ಲಿ ಬದಲಾಯಿಸಿದರೂ ನಿಯಮ ಮತ್ತೆ ಲೆಕ್ಕ ಹಾಕುವುದಿಲ್ಲ. ಹೋಸ್ಟ್ ಅಳಿಸಿ ಪುನಃ ಮಾಡಬೇಕು. ಗ್ರಾಫ್ ಬೇಕೆಂದರೆ ಪಕ್ಕದಲ್ಲಿ ಇನ್‌ಫ್ಲಕ್ಸ್‌ಡಿಬಿಯೋ ಗ್ರಾಫೈಟೋ ಅಂತ ಅಂಕಿಅಂಶ ಇಡುವ ಸಾಫ್ಟ್‌ವೇರ್ ಬೇರೆ ಸಾಕಬೇಕು.

ಜಾಬಿಕ್ಸ್ ಎಪಿಐ ಮೊದಲ ನೋಟಕ್ಕೆ ಸಿಟ್ಟು ಬರಿಸುತ್ತದೆ. ಎಲ್ಲದಕ್ಕೂ ಒಂದೇ ವಿಳಾಸ, ಒಂದೇ ಪೋಸ್ಟ್, ಒಳಗೆ ಜೇಸನ್-ಆರ್‌ಪಿಸಿ, ಅಂದರೆ ಯಾವ ಕೆಲಸ ಬೇಕು ಅನ್ನುವುದನ್ನೂ ಜೇಸನ್ ಒಳಗೇ ಬರೆಯಬೇಕು. ಒಂದು ಹೋಸ್ಟ್ ಮಾಡಲು ಗುಂಪಿನ ಐಡಿ ಬೇಕು, ಟೆಂಪ್ಲೇಟಿನ ಐಡಿ ಬೇಕು, ಇಂಟರ್‌ಫೇಸಿಗೆ ಟೈಪ್ 2 ಅಂದರೆ ಎಸ್‌ಎನ್‌ಎಂಪಿ ಅಂತ ನೆನಪಿರಬೇಕು. ಸಂಖ್ಯೆಗಳು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ (ಸ್ಟ್ರಿಂಗ್) ವಾಪಸ್ ಬರುತ್ತವೆ, ಪೈಥಾನ್‌ನಲ್ಲಿ 1ಕ್ಕೂ "1"ಕ್ಕೂ ಹೋಲಿಸಿ ತಲೆ ಕೆರೆದುಕೊಳ್ಳುವವರು ಇದ್ದೇ ಇರುತ್ತಾರೆ. ತಪ್ಪು ಕಳಿಸಿದರೂ ಎಚ್‌ಟಿಟಿಪಿ ಸಂಕೇತ 200 ಅಂತಲೇ ಬರುತ್ತದೆ, ಎರರ್ ಉತ್ತರದ ಒಳಗೆ ಕೂತಿರುತ್ತದೆ, ಆದ್ದರಿಂದ ಶೆಲ್ ಸ್ಕ್ರಿಪ್ಟ್ ಬರೆಯುವವರು ಕರ್ಲ್ ಗೆದ್ದಿತು ಅಂತ ನಂಬಿಕೊಂಡು ಮುಂದಕ್ಕೆ ಹೋಗಬಾರದು. ಸದ್ಯದ ಸಮಸ್ಯೆಗಳ ಪಟ್ಟಿ ಕೊಡುವ ಪ್ರಾಬ್ಲಮ್.ಗೆಟ್ ಹೋಸ್ಟಿನ ಹೆಸರನ್ನೇ ಕೊಡುವುದಿಲ್ಲ ನೋಡಿ, ಇದಕ್ಕೆ ಏನನ್ನೋಣ!

ಆದರೆ ಪ್ರಾಬ್ಲಮ್.ಗೆಟ್ ಬಿಟ್ಟು ಟ್ರಿಗರ್.ಗೆಟ್ ಹಿಡಿದರೆ ಲೆಕ್ಕ ಬದಲಾಗುತ್ತದೆ. ಟ್ರಿಗರ್ ಅಂದರೆ ಯಾವಾಗ ಸಮಸ್ಯೆ ಅನ್ನಬೇಕು ಅಂತ ಹೇಳುವ ನಿಯಮ. ಈಗ ಹೊಡೆದುಕೊಳ್ಳುತ್ತಿರುವ ಟ್ರಿಗರ್ ಮಾತ್ರ ಕೊಡು, ಬೇರೊಂದನ್ನು ನೆಚ್ಚಿಕೊಂಡಿರುವುದನ್ನು ಬಿಡು, ಹೋಸ್ಟಿನ ಹೆಸರೂ ಜೊತೆಗಿರಲಿ ಅಂತ ಕೇಳಬಹುದು. ಸ್ಕಿಪ್‌ಡಿಪೆಂಡೆಂಟ್ ಅನ್ನುವ ಒಂದು ಆಯ್ಕೆ ನನ್ನ ಮೂರನೇ ಕೆಲಸವನ್ನು ಪೂರ್ತಿ ಮುಗಿಸುತ್ತದೆ. ಗೋಣಿಕೊಪ್ಪದ ಫೈಬರ್ ಹೋದರೆ ಅದರ ಹಿಂದಿನ ಸ್ವಿಚ್, ರೇಡಿಯೋ ಒಂದೂ ಪಟ್ಟಿಯಲ್ಲಿ ಬರುವುದಿಲ್ಲ, ಲೈನ್‌ಮ್ಯಾನ್‌ಗೆ ಒಂದೇ ಮೆಸೇಜ್ ಹೋಗುತ್ತದೆ. ಲಿಂಕ್ ಬೇರೆ ಗುಡ್ಡಕ್ಕೆ ತಿರುಗಿದರೆ ಟ್ರಿಗರ್.ಅಪ್‌ಡೇಟ್‌ನಲ್ಲಿ ಡಿಪೆಂಡೆನ್ಸಿ ಬದಲಾಯಿಸಿದರೆ ಮುಗಿಯಿತು, ಯಾವುದನ್ನೂ ಅಳಿಸಿ ಕಟ್ಟಬೇಕಿಲ್ಲ. ಕರೆಂಟ್ ಇಲ್ಲದ ರೂಟರನ್ನೂ ತಕರಾರಿಲ್ಲದೆ ಸೇರಿಸಿಕೊಳ್ಳುತ್ತದೆ. ಕಪಾತಿನ ದಿನಕ್ಕೆ ಮೆಂಟೆನೆನ್ಸ್ ಹಾಕುವುದು ಐಸಿಂಗಾದಷ್ಟು ಸಲೀಸಲ್ಲ, ಒಂದು ಸಣ್ಣ ಫಂಕ್ಷನ್ ಬರೆದು ಮರೆತುಬಿಟ್ಟೆ.

ಬರೀ ಗ್ರಾಫ್, ಪಟ್ಟಿ ಓದುವವರಿಗೆ ಲಿಬ್ರೆಎನ್‌ಎಂಎಸ್ ಸಾಕು, ಜಾಬಿಕ್ಸ್ ಸುಮ್ನೆ ತಲೆನೋವು. ಕಾನ್ಫಿಗ್ ಎಲ್ಲವನ್ನೂ ಗಿಟ್‌ನಲ್ಲಿ (ಫೈಲಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಫ್ಟ್‌ವೇರ್) ಇಟ್ಟು, ಎಪಿಐಯನ್ನು ಡೌನ್‌ಟೈಮ್‌ಗೆ ಮಾತ್ರ ಬಳಸುವ ಶಿಸ್ತು ಇದ್ದರೆ ಐಸಿಂಗಾ. ನನ್ನ ಹಾಗೆ ತಿಂಗಳಿಗೊಮ್ಮೆ ನಕ್ಷೆಯೇ ಬದಲಾಗುವ ಜಾಗದಲ್ಲಿ ಇದ್ದರೆ ಜಾಬಿಕ್ಸ್.

ಜಾಬಿಕ್ಸ್ ಹಿಡಿಯುವವರು ನಿಮ್ಮ ವರ್ಷನ್ ಯಾವುದು ಅಂತ ಮೊದಲು ನೋಡಿಕೊಳ್ಳಿ. 5.4ರಿಂದ ಎಪಿಐ ಟೋಕನ್ ಇದೆ, ಪ್ರತಿ ಸಲ ಲಾಗಿನ್ ಬೇಡ. 6.4ರಿಂದ ಟೋಕನನ್ನು ಹೆಡರ್‌ನಲ್ಲಿ ಕಳಿಸಬಹುದು. 7.2ರಲ್ಲಿ ಹಳೆಯ ಪದ್ಧತಿಯನ್ನು, ಅಂದರೆ ಜೇಸನ್ ಒಳಗೆ ಆಥ್ ಇಡುವುದನ್ನು, ತೆಗೆದೇ ಹಾಕಿದ್ದಾರೆ. ನೆಟ್‌ನಲ್ಲಿ ಸಿಗುವ ಉದಾಹರಣೆಗಳಲ್ಲಿ ಬಹಳಷ್ಟು ಆ ಹಳೆಯ ಪದ್ಧತಿಯವೇ, ಹೊಸ ಸರ್ವರ್ ಮೇಲೆ ಅವು ಓಡುವುದಿಲ್ಲ.