ಟೆರಿಡೋಫೈಟ್ ಸ್ಲೈಡ್ ಪೆಟ್ಟಿಗೆ: ಛೇದಗಳು ಉತ್ತಮ, ಕೈಪಿಡಿ ಹಳೆಯದು

ಪದವಿ ತರಗತಿಯ ಪ್ರಾಕ್ಟಿಕಲ್‌ಗಾಗಿ ತರಿಸಿದ ಈ ಪರ್ಮನೆಂಟ್ ಸ್ಲೈಡ್ ಪೆಟ್ಟಿಗೆಯಲ್ಲಿ ಟೆರಿಡೋಫೈಟ್‌ಗಳಾದ, ಅಂದರೆ ಬೀಜದ ಬದಲು ಬೀಜಕಗಳಿಂದ (ಸ್ಪೋರ್) ಹರಡುವ ನಾಳೀಯ ಸಸ್ಯಗಳಾದ, ಸೈಲೋಟಮ್, ಲೈಕೊಪೋಡಿಯಮ್, ಸೆಲಾಜಿನೆಲ್ಲಾ, ಈಕ್ವಿಸೀಟಮ್, ಆಫಿಯೊಗ್ಲಾಸಮ್ ಹಾಗೂ ಕೆಲವು ಸಾಮಾನ್ಯ ಜರೀಗಿಡಗಳ ಛೇದಗಳಿವೆ. ಛೇದಗಳ ಗುಣಮಟ್ಟ ನಿಜಕ್ಕೂ ಮೆಚ್ಚುವಂಥದ್ದು. ಸೈಲೋಟಮ್ ಕಾಂಡದ ಅಡ್ಡ ಛೇದದಲ್ಲಿ ಸ್ಯಾಫ್ರನಿನ್ ಬಣ್ಣ ಹೀರಿ ಕೆಂಪಾದ, ನೀರು ಸಾಗಿಸುವ ಅಂಗಾಂಶವಾದ ಕ್ಸೈಲಮ್ ನಕ್ಷತ್ರಾಕಾರದಲ್ಲಿ ಚಾಚಿಕೊಂಡಿರುವುದು ಕಡಿಮೆ ವರ್ಧನೆಯಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಸೆಲಾಜಿನೆಲ್ಲಾ ಶಂಕುವಿನ ಉದ್ದ ಛೇದದಲ್ಲಿ ದೊಡ್ಡ ಮತ್ತು ಸಣ್ಣ ಬೀಜಕಗಳೆರಡೂ ಒಂದೇ ನೋಟಕ್ಕೆ ಸಿಗುತ್ತವೆ.

ತೊಂದರೆಯಿರುವುದು ಕೈಪಿಡಿಯಲ್ಲಿ. ನಿಜವಾದ ಬೇರಿಲ್ಲದೆ, ಎಲೆಯ ಬದಲು ಬರಿಯ ಹುರುಪೆಗಳನ್ನು ಹೊತ್ತು, ಇಬ್ಬಗೆಯಾಗಿ ಕವಲೊಡೆಯುವ ಸೈಲೋಟಮ್ ಅನ್ನು ಅದು, ಸ್ಕಾಟ್ಲೆಂಡಿನ ಸುಮಾರು 40 ಕೋಟಿ ವರ್ಷ ಹಳೆಯ ಶಿಲೆಯಲ್ಲಿ ದೊರೆತ ಪಳೆಯುಳಿಕೆ ಸಸ್ಯ ರೈನಿಯಾದ ನೇರ ಸಂತತಿಯೆಂದು ಹೇಳಿ, ಅಲ್ಲಿಂದ ಲೈಕೊಪೋಡಿಯಮ್, ಈಕ್ವಿಸೀಟಮ್‌ಗಳನ್ನು ದಾಟಿ ಜರೀಗಿಡಗಳವರೆಗೆ ಮೆಟ್ಟಿಲು ಕಟ್ಟುತ್ತದೆ. ಈ ವಿವರಣೆ ಇಂದು ನಿಲ್ಲುವುದಿಲ್ಲ. ಲೈಕೊಪೋಡಿಯಮ್ ಮತ್ತು ಸೆಲಾಜಿನೆಲ್ಲಾಗಳ ಬಳಗವನ್ನು ಬಿಟ್ಟರೆ ಉಳಿದೆಲ್ಲ ನಾಳೀಯ ಸಸ್ಯಗಳ ಕ್ಲೋರೋಪ್ಲಾಸ್ಟ್ ಡಿಎನ್‌ಎಯಲ್ಲಿ ಒಂದು ದೊಡ್ಡ ಭಾಗ ತಿರುಗುಮುರುಗಾಗಿದೆ ಎಂಬುದು 1992ರಲ್ಲೇ ತಿಳಿದಿತ್ತು. ಅಂದರೆ ಮೊದಲು ಬೇರ್ಪಟ್ಟ ಕವಲು ಆ ಬಳಗದ್ದೇ. ಜರೀಗಿಡ ತಜ್ಞರು ಒಟ್ಟುಗೂಡಿ 2016ರಲ್ಲಿ ಪ್ರಕಟಿಸಿದ ವರ್ಗೀಕರಣ ಅದಕ್ಕೆ ಪ್ರತ್ಯೇಕ ವರ್ಗವನ್ನು ಕೊಟ್ಟು, ಈಕ್ವಿಸೀಟಮ್ ಮತ್ತು ಸೈಲೋಟಮ್‌ಗಳೆರಡನ್ನೂ ಜರೀಗಿಡಗಳೊಳಗೇ ಸೇರಿಸಿದೆ. ಸೈಲೋಟಮ್‌ನ ಅತಿ ಹತ್ತಿರದ ನಂಟು ಆಫಿಯೊಗ್ಲಾಸಮ್ ಬಳಗದೊಂದಿಗೆ. ಹಾಗಾಗಿ ಅದರ ಸರಳತೆ ಪ್ರಾಚೀನತೆಯ ಗುರುತಲ್ಲ. ಬೇರು ಆಮೇಲೆ ಕಳೆದುಹೋದದ್ದು.

ಸಂತೋಷದ ಸಂಗತಿಯೆಂದರೆ, ಹೊಸ ಪಾಠಕ್ಕೆ ಬೇಕಾದ ಹೆಚ್ಚಿನ ಸಾಮಗ್ರಿ ಇದೇ ಪೆಟ್ಟಿಗೆಯಲ್ಲಿದೆ. ಸೈಲೋಟಮ್‌ನ ಮೂರು ಕೋಣೆಗಳ ಬೀಜಕಾಶಯದ (ಬೀಜಕಗಳು ಬೆಳೆಯುವ ಚೀಲದ) ಪಕ್ಕದಲ್ಲಿ ಆಫಿಯೊಗ್ಲಾಸಮ್ ತೆನೆಯನ್ನಿಟ್ಟು ನೋಡಿದರೆ ಎರಡರಲ್ಲೂ ಹಲವು ಪದರಗಳ ದಪ್ಪ ಗೋಡೆ ಕಾಣುತ್ತದೆ. ಸಾಮಾನ್ಯ ಜರೀಗಿಡದ ಬೀಜಕಾಶಯಕ್ಕೆ ಒಂದೇ ಪದರದ ಗೋಡೆ, ಅದರ ಬೆನ್ನಿಗೆ ದಪ್ಪ ಕೋಶಗಳ ಉಂಗುರ. ಆದರೆ ಲೈಕೊಪೋಡಿಯಮ್‌ಗೂ ದಪ್ಪ ಗೋಡೆಯೇ ಇರುವುದರಿಂದ ಇದೊಂದನ್ನೇ ನಂಟಿನ ಪುರಾವೆಯೆಂದು ವಿದ್ಯಾರ್ಥಿಗಳಿಗೆ ಹೇಳಬಾರದು. ಹೆಚ್ಚು ಸೂಚಕವಾದದ್ದು, ಹಸಿರಿಲ್ಲದೆ ಮಣ್ಣಿನೊಳಗೆ ಶಿಲೀಂಧ್ರದ ನೆರವಿನಿಂದ ಬದುಕುವ, ಸೈಲೋಟಮ್ ಮತ್ತು ಆಫಿಯೊಗ್ಲಾಸಮ್‌ಗಳ ಗ್ಯಾಮಿಟೋಫೈಟ್ (ಬೀಜಕದಿಂದ ಬೆಳೆದು ಲಿಂಗಾಣುಗಳನ್ನು ಕೊಡುವ ಪುಟ್ಟ ಸಸ್ಯ). ಅದರ ಸ್ಲೈಡ್ ಮಾತ್ರ ಇಲ್ಲಿಲ್ಲ, ಇದು ದೊಡ್ಡ ಕೊರತೆ.

ಕಾಲೇಜುಗಳು ಇದನ್ನು ಧಾರಾಳವಾಗಿ ಕೊಳ್ಳಬಹುದು. ಕೊಂಡ ಮೇಲೆ ಲೈಕೊಪೋಡಿಯಮ್, ಸೆಲಾಜಿನೆಲ್ಲಾಗಳನ್ನು ಒಂದು ಸಾಲಿಗೂ ಉಳಿದವನ್ನೆಲ್ಲ ಇನ್ನೊಂದು ಸಾಲಿಗೂ ಹಾಕಿ, ಸೈಲೋಟಮ್ ಅನ್ನು ಆಫಿಯೊಗ್ಲಾಸಮ್ ಪಕ್ಕದ ಗೂಡಿಗೆ ಸರಿಸಿಕೊಳ್ಳಬೇಕು.