ಸ್ಲಿಂಟ್ ತಂಡದ ‘ಸ್ಪೈಡರ್‌ಲ್ಯಾಂಡ್’: ವರ್ಷಗಟ್ಟಲೆ ಕೇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಆಲ್ಬಂ ಅನ್ನು ಫೋನ್ ಸ್ಪೀಕರಿನಲ್ಲಿ ಕೇಳಬೇಡಿ, ಬಸ್ಸಿನಲ್ಲಿ ಕೇಳಬೇಡಿ, ಷಫಲ್ ಹಾಕಿಕೊಂಡಂತೂ ಕೇಳಲೇಬೇಡಿ. ಇರುವುದು ಆರೇ ಹಾಡು, ಒಟ್ಟು ನಲವತ್ತು ನಿಮಿಷಕ್ಕೆ ಒಂಚೂರು ಕಮ್ಮಿ. ಅಷ್ಟು ಹೊತ್ತು ಒಂದೇ ಕಡೆ ಕೂರುವ ವ್ಯವಧಾನ ಇಲ್ಲದವರು ಮೊದಲನೇ ಹಾಡಿನ ಅರ್ಧಕ್ಕೇ ‘ಇದೇನ್ರೀ, ಯಾರೋ ಮೂಲೇಲಿ ಕೂತು ಗೊಣಗ್ತಾ ಇದಾನೆ’ ಅಂತ ಎದ್ದು ಹೋಗುತ್ತಾರೆ. ಹಾಗೆ ಎದ್ದುಹೋದವರು ನಮ್ಮ ಮನೆಯಲ್ಲೇ ಇದ್ದಾರೆ.

ಸ್ಲಿಂಟ್ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನ ರಾಕ್ ತಂಡ. ನಾಲ್ಕೂ ಜನ ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗರು. 1989ರಲ್ಲಿ ‘ಟ್ವೀಜ್’ ಅಂತ ಒಂದು ಆಲ್ಬಂ ಬಂತು. ಅದನ್ನು ರೆಕಾರ್ಡ್ ಮಾಡಿಕೊಟ್ಟವರು ಸ್ಟೀವ್ ಆಲ್ಬಿನಿ. ಎರಡನೆಯದೇ ಈ ‘ಸ್ಪೈಡರ್‌ಲ್ಯಾಂಡ್’. 1990ರ ಆಗಸ್ಟಿನಲ್ಲಿ ಷಿಕಾಗೋದಲ್ಲಿ ಬ್ರಯಾನ್ ಪಾಲ್ಸನ್ ಜೊತೆ ಕೆಲವೇ ದಿನಗಳಲ್ಲಿ ರೆಕಾರ್ಡಿಂಗ್ ಮುಗಿಸಿದರು. 1991ರ ಮಾರ್ಚಿನಲ್ಲಿ ಟಚ್ ಅಂಡ್ ಗೋ ಕಂಪನಿ ಅದನ್ನು ಹೊರತರುವ ಹೊತ್ತಿಗೆ ತಂಡವೇ ಇರಲಿಲ್ಲ, ಮುರಿದುಹೋಗಿತ್ತು. ಪ್ರವಾಸ ಇಲ್ಲ, ಪ್ರಚಾರ ಇಲ್ಲ. ಮಾರಾಟ ಹೇಗೆ ಆದೀತು? ಆಲ್ಬಿನಿ ಮಾತ್ರ ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಹತ್ತಕ್ಕೆ ಹತ್ತು ನಕ್ಷತ್ರ ಕೊಟ್ಟು ಹೊಗಳಿದ್ದರು. ಹೆಚ್ಚಿನವರ ಕಿವಿಗೆ ಬಿದ್ದದ್ದು ಆಮೇಲೆ, ಇದರ ಕೊನೆಯ ಹಾಡು 1995ರ ‘ಕಿಡ್ಸ್’ ಸಿನಿಮಾದ ಆಲ್ಬಂನಲ್ಲಿ ಸೇರಿಕೊಂಡಾಗ. ರಾಕ್ ವಾದ್ಯಗಳನ್ನೇ ಹಿಡಿದು ಮಾಮೂಲಿ ರಾಕ್ ಹಾಡಿನ ಚೌಕಟ್ಟು ಬಿಟ್ಟ, ಈಗ ಪೋಸ್ಟ್‌ರಾಕ್ ಅಂತ ಕರೆಯುವ ಸಂಗೀತಕ್ಕೆ ಇದೇ ತಾಯಿಬೇರು ಅನ್ನುವವರಿದ್ದಾರೆ. ಇರಬಹುದು. ಆದರೆ ಆ ಬಿರುದು ನೋಡಿ ಕೊಳ್ಳಲು ಹೋಗಬೇಡಿ, ನಿರೀಕ್ಷೆಯೇ ಭಾರವಾಗುತ್ತದೆ.

ಹೊದಿಕೆ ಚಿತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಪ್ಪು ಬಿಳುಪು ಫೋಟೊ. ನೀರಿನ ಮೇಲೆ ನಾಲ್ಕು ತಲೆ, ಹಿಂದೆ ಕಡಿದ ಬಂಡೆ. ತೆಗೆದವರು ತಂಡದ ಗೆಳೆಯ, ಗಾಯಕ ವಿಲ್ ಓಲ್ಡಮ್. ಲೂಯಿವಿಲ್‌ನಿಂದ ಹೊಳೆ ದಾಟಿದರೆ ಸಿಗುವ ಇಂಡಿಯಾನಾದ ಯೂಟಿಕಾದಲ್ಲಿ ನೀರು ತುಂಬಿದ ಒಂದು ಕಲ್ಲು ಕ್ವಾರಿ ಅದು. ನಮ್ಮ ಚಿಕ್ಕಬಳ್ಳಾಪುರದವರಿಗೆ ಅದು ಅಮೆರಿಕ ಅಂತ ಅನ್ನಿಸುವುದೇ ಇಲ್ಲ. ಬಂಡೆ ಒಡೆದು, ಜಲ್ಲಿ ಸಾಗಿಸಿ, ಹಾಗೇ ಬಿಟ್ಟುಹೋದ ಗುಂಡಿಗಳು ಈ ಕಡೆ ಬೇಕಾದಷ್ಟಿವೆ. ಮಳೆಗೆ ತುಂಬಿಕೊಳ್ಳುತ್ತವೆ, ರಜೆ ಬಂದರೆ ಹುಡುಗರು ಇಳಿಯುತ್ತಾರೆ, ಆಮೇಲೆ ಪೇಪರಿನಲ್ಲಿ ಸುದ್ದಿ ಬರುತ್ತದೆ. ಮೇಜಿನ ಮೇಲಿದ್ದ ಸಿಡಿ ನೋಡಿ ಪಕ್ಕದ ಮನೆ ಅಜ್ಜಿ ಕೇಳಿದ್ದೂ ಅದನ್ನೇ: ‘ಏನಪ್ಪಾ, ಈ ಹುಡುಗ್ರು ಇದಾರಾ?’ ‘ಇದಾರಜ್ಜಿ, ಅಮೆರಿಕದೋರು’ ಅಂದೆ. ‘ಅಲ್ಲೂ ಕ್ವಾರಿ ಗುಂಡಿ ಐತಾ!’ ಅಂದರು. ಫೋಟೊದಲ್ಲಿ ನಾಲ್ವರೂ ನಗುಮುಖದಲ್ಲೇ ಇದ್ದಾರೆ, ಆದರೂ ನೋಡಿದವರ ಎದೆ ಒಂದು ಕ್ಷಣ ಜಗ್ಗುತ್ತದೆ. ಒಳಗಿನ ಸಂಗೀತಕ್ಕೆ ಇದಕ್ಕಿಂತ ಸರಿಯಾದ ಫೋಟೊ ಸಿಗುತ್ತಿರಲಿಲ್ಲ.

ಈಗ ಬಳಕೆಯ ವಿಚಾರ. ಇದರ ದೊಡ್ಡ ತಾಪತ್ರಯ ವಾಲ್ಯೂಮು. ‘ಡಾನ್, ಅಮನ್’ ಹಾಡಿನಲ್ಲಿ ಡ್ರಮ್ಮೇ ಇಲ್ಲ. ಡ್ರಮ್ಮರ್ ಬ್ರಿಟ್ ವಾಲ್‌ಫರ್ಡ್ ಅವರೇ ಗಿಟಾರ್ ಹಿಡಿದು, ಪಾರ್ಟಿಯಲ್ಲಿ ಯಾರೊಂದಿಗೂ ಬೆರೆಯಲಾಗದೆ ಹೊರಗೆ ಬಂದು ನಿಂತವನ ಕಥೆಯನ್ನು ಪಿಸುಗುಟ್ಟುತ್ತಾರೆ. ಪದ ಕೇಳಿಸಲಿ ಅಂತ ನೀವು ವಾಲ್ಯೂಮ್ ಏರಿಸುತ್ತೀರಿ. ಏರಿಸಿದ ಸ್ವಲ್ಪ ಹೊತ್ತಿಗೆ ಗಿಟಾರ್ ಕರ್ಕಶವಾಗಿ ಒಡೆದುಕೊಳ್ಳುತ್ತದೆ. ಕೊನೆಯ ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’ ಇನ್ನೂ ಮೋಸ. ಹಡಗು ಒಡೆದ ಕ್ಯಾಪ್ಟನ್ ಒಬ್ಬ ಬಂದು ಬಾಗಿಲು ತಟ್ಟುತ್ತಾನೆ. ತಂಡದ ಗಾಯಕ ಬ್ರಯಾನ್ ಮ್ಯಾಕ್‌ಮಹನ್ ನಿಮಿಷಗಟ್ಟಲೆ ತಣ್ಣಗೆ ಕಥೆ ಹೇಳಿಕೊಂಡು ಬಂದು, ಕಟ್ಟಕಡೆಗೆ ಗಂಟಲು ಹರಿಯುವಂತೆ ಕಿರುಚುತ್ತಾರೆ. ರಾತ್ರಿ ಜಲ್ಲಿ ಟಿಪ್ಪರುಗಳ ಓಡಾಟ ನಿಂತ ಮೇಲೆ ಕೇಳುವ ಅಭ್ಯಾಸ ನನ್ನದು. ಅಮ್ಮ ಎದ್ದು ಬಂದು ‘ಯಾರೋ ಅದು, ಏನಾಯ್ತು?’ ಅಂತ ಲೈಟ್ ಹಾಕಿದ್ದಾರೆ. ಹೆಡ್‌ಫೋನ್ ಕಡ್ಡಾಯ. ಮೊದಲ ಹಾಡಿನ ಜೋರು ಭಾಗಕ್ಕೆ ವಾಲ್ಯೂಮ್ ಹೊಂದಿಸಿಕೊಂಡು ಆಮೇಲೆ ಮುಟ್ಟದೇ ಇರುವುದೇ ಸರಿ. ಮೆಲ್ಲನೆಯ ಮಾತು ಅರ್ಧಂಬರ್ಧ ಕೇಳಿಸಲಿ ಬಿಡಿ. ಕಿವಿ ತಾನೇ ಹತ್ತಿರ ಹೋಗುತ್ತದೆ.

ಇಷ್ಟು ವರ್ಷ ಕೇಳಿದರೂ ಹಳತಾಗದಿರುವುದಕ್ಕೆ ಕಾರಣ, ಇವರು ತಡೆದು ಹಿಡಿದಿರುವುದೇ ಜಾಸ್ತಿ. ಕೈಯಲ್ಲಿ ಬಲ ಇದೆ, ಬಾರಿಸಬಹುದು, ಬಾರಿಸುವುದಿಲ್ಲ. ಹರಿಕಥೆ ದಾಸರು ಕಥೆಯ ತಿರುವಿನಲ್ಲಿ ಹಾಡು ನಿಲ್ಲಿಸಿ ಸುಮ್ಮನೆ ಸಭೆಯನ್ನು ನೋಡುತ್ತಾರಲ್ಲ, ಆ ಕಸುಬು ಈ ಹುಡುಗರಿಗೆ ಆ ವಯಸ್ಸಿಗೇ ಗೊತ್ತಿತ್ತು. ಲೆಕ್ಕವೂ ಅಷ್ಟೇ ಬಿಗಿ. ಮೃದಂಗ ಕಲಿಯುತ್ತಿರುವ ನನ್ನ ತಂಗಿಯ ಮಗನಿಗೆ ‘ನಾಸ್ಫೆರಾಟು ಮ್ಯಾನ್’ ಹಾಕಿ ಕೊಟ್ಟೆ. ತೊಡೆಯ ಮೇಲೆ ತಕ ತಕಿಟ, ತಕ ತಕಿಟ ಅಂತ ತಟ್ಟಿಕೊಂಡು ‘ಮಾವಾ, ಇದು ಖಂಡ’ ಅಂದ, ಅಂದರೆ ಐದರ ಎಣಿಕೆ. ಪಲ್ಲವಿಯಂಥ ಭಾಗ ಬರುತ್ತಿದ್ದ ಹಾಗೆ ಕೈ ನಿಂತಿತು. ‘ತಪ್ಪೋಯ್ತು, ಹಿಂದಕ್ಕೆ ಹಾಕಿ’ ಅಂದ. ಅವನಿಗೆ ಸಂಗೀತ ಹಿಡಿಸಲಿಲ್ಲ, ಲೆಕ್ಕ ಹಿಡಿಸಿತು. ನನಗೆ ಉಲ್ಟಾ. 1922ರ ಮೂಕಿಚಿತ್ರದ ರಕ್ತಪಿಶಾಚಿಯನ್ನು ಇಟ್ಟುಕೊಂಡು ಕಟ್ಟಿದ ಈ ಹಾಡಿನ ಕಥೆ ಈಗ ನನ್ನನ್ನು ಹೆದರಿಸುವುದಿಲ್ಲ. ಆರರಲ್ಲಿ ಸವೆದದ್ದು ಇದೊಂದೇ.

ಸವೆಯದೇ ಇರುವುದು ‘ವಾಷರ್’. ಹತ್ತಿರ ಹತ್ತಿರ ಒಂಬತ್ತು ನಿಮಿಷದ ವಿದಾಯದ ಹಾಡು, ಮ್ಯಾಕ್‌ಮಹನ್ ನಿಜವಾಗಿ ರಾಗ ಎಳೆದು ಹಾಡುವುದು ಇದರಲ್ಲೇ. ದನಿ ಅಷ್ಟೇನೂ ಚೆನ್ನಾಗಿಲ್ಲ, ಹಾಗಿರುವುದರಿಂದಲೇ ನಂಬಿಕೆ ಬರುತ್ತದೆ. ಅದರ ಬೆನ್ನಿಗೆ ಬರುವ ‘ಫಾರ್ ಡಿನ್ನರ್’ನಲ್ಲಿ ಹಾಡುವವರು ಯಾರೂ ಇಲ್ಲ, ಐದು ನಿಮಿಷ ಬರೀ ವಾದ್ಯ. ಬಹಳ ಜನ ದಾಟಿಸುತ್ತಾರೆ. ದಾಟಿಸಿದರೆ ಕ್ಯಾಪ್ಟನ್ ಬಂದಾಗ ಮೈ ಜುಮ್ಮೆನ್ನುವುದಿಲ್ಲ.

ಯಾವ ರೂಪದಲ್ಲಿ ಕೊಳ್ಳಬೇಕು? ಆನ್‌ಲೈನ್‌ನಲ್ಲಿ ತರಿಸಿದ ನನ್ನ ಹಳೆ ಸಿಡಿ, ಡಬ್ಬಿ ಒಡೆದು, ಬಿಲ್ಲೆ ಹಿಡಿದುಕೊಳ್ಳುವ ಹಲ್ಲು ಮುರಿದೇ ಬಂತು. ಮಾರಿದವರು ಕೊನೆಗೂ ಉತ್ತರ ಕೊಡಲಿಲ್ಲ. ಬಿಲ್ಲೆ ಮಾತ್ರ ಇವತ್ತಿಗೂ ಗೀರಿಲ್ಲದೆ ಓಡುತ್ತಿದೆ. 2014ರಲ್ಲಿ ಬಾಬ್ ವೆಸ್ಟನ್ ಮೂಲ ಟೇಪಿನಿಂದ ರೀಮಾಸ್ಟರ್ ಮಾಡಿದ, ಅಂದರೆ ಧ್ವನಿಯನ್ನು ಹೊಸದಾಗಿ ಹದಗೊಳಿಸಿದ ಆವೃತ್ತಿ ಬಂದಿದೆ. ಅದರಲ್ಲಿ ಡ್ರಮ್ಮಿನ ಜೊತೆಯ ಸಿಂಬಲ್ ತಟ್ಟೆಗಳ ಸದ್ದಿನ ಅಂಚು ಇನ್ನಷ್ಟು ಬಿಡಿಬಿಡಿಯಾಗಿ ಕೇಳುತ್ತದೆ, ಆದರೆ ಹಳೆಯದು ಇರುವವರು ಅದಕ್ಕಾಗಿ ಮತ್ತೆ ದುಡ್ಡು ಸುರಿಯಬೇಕಿಲ್ಲ. ಆ್ಯಪಿನಲ್ಲಿ ಕೇಳುವವರು ಆಟೋಪ್ಲೇ ಬಂದ್ ಮಾಡಿಕೊಳ್ಳಿ. ಆ ಕೊನೆಯ ಕಿರುಚಾಟ ಮುಗಿದ ತಕ್ಷಣ ಯಾವುದೋ ಮದುವೆ ಡ್ಯಾನ್ಸ್ ಹಾಡು ಶುರುವಾದರೆ ಕೇಳಿದ್ದೆಲ್ಲ ನೀರುಪಾಲು. ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ‘ವಾಲ್ಯೂಮ್ ನಾರ್ಮಲೈಸ್’ ಅನ್ನುವ ಆಯ್ಕೆಯನ್ನೂ ತೆಗೆದುಹಾಕಿ.

‘ಟ್ವೀಜ್’ ಅನ್ನು ಇದರ ಜೊತೆಗೇ ಕೊಳ್ಳಬೇಡಿ. ಅದು ಇನ್ನೂ ತಮಾಷೆ, ಗಲಾಟೆಯ ಹುಡುಗರ ಆಲ್ಬಂ. ಇದನ್ನು ಕೇಳಿ ಅದಕ್ಕೆ ಹೋದವರು ನಿರಾಶರಾಗಿಯೇ ಬರುತ್ತಾರೆ. ಈ ತಂಡದ ಬಗ್ಗೆ ಲ್ಯಾನ್ಸ್ ಬ್ಯಾಂಗ್ಸ್ ಮಾಡಿದ ಸಾಕ್ಷ್ಯಚಿತ್ರವೊಂದಿದೆ, ಅದನ್ನು ಬೇಕಾದರೆ ನೋಡಿ, ಆಲ್ಬಂ ಕೇಳಿ ಒಂದಷ್ಟು ತಿಂಗಳು ಕಳೆದ ಮೇಲೆ.